ಮನೆ ಮುಂದೆ ಗಾಡಿ ನಿಲ್ಲಿಸಿದರೂ ದುಡ್ಡು ಕಟ್ಟಬೇಕೇ? ಬೇಡಿಕೆಗೆ ತಕ್ಕ ಪಾರ್ಕಿಂಗ್ ದರ: ನಿಜವೆಷ್ಟು, ಸುಳ್ಳೆಷ್ಟು

ಪಾರ್ಕಿಂಗ್ ಶುಲ್ಕದ ಸುದ್ದಿ ಬಂದಾಗಲೆಲ್ಲ ಬೆಂಗಳೂರಿನ ವಾಟ್ಸ್‌ಆ್ಯಪ್ ಗ್ರೂಪ್‌ಗಳಲ್ಲಿ ಒಂದೇ ಧಾಟಿಯ ಸಂದೇಶಗಳು ಓಡಾಡಲು ಶುರುವಾಗುತ್ತವೆ. ಇನ್ನು ಮೇಲೆ ಸ್ವಂತ ಮನೆ ಮುಂದೆ ಕಾರು ನಿಲ್ಲಿಸಲೂ ವರ್ಷಕ್ಕೆ 5,000 ರೂಪಾಯಿ ಕಟ್ಟಬೇಕಂತೆ. ಜನ ಹೆಚ್ಚಾದರೆ ಪಾರ್ಕಿಂಗ್ ದರವೂ ಕ್ಯಾಬ್ ದರದ ಥರ ಏರುತ್ತದಂತೆ. ರೋಡ್ ಟ್ಯಾಕ್ಸ್ ಕಟ್ಟಿದ ಮೇಲೂ ದುಡ್ಡು ಕೇಳುವುದು ಹಗಲು ದರೋಡೆಯಂತೆ. ಇವುಗಳಲ್ಲಿ ಸ್ವಲ್ಪ ನಿಜವಿದೆ, ಸ್ವಲ್ಪ ಸುಳ್ಳಿದೆ, ಉಳಿದದ್ದು ಗೊಂದಲ.

ಈ ಗೊಂದಲ ಬಿಡಿಸಲು ನಾವು ಮೂಡಲಪಾಳ್ಯವನ್ನು ಉದಾಹರಣೆಯಾಗಿ ಇಟ್ಟುಕೊಂಡಿದ್ದೇವೆ. ವಿಜಯನಗರ, ಚಂದ್ರಾ ಲೇಔಟ್, ನಾಗರಬಾವಿಗಳ ನಡುವಿನ ಈ ಬಡಾವಣೆ ಎಂ.ಜಿ. ರಸ್ತೆಯಂತಲ್ಲ. ಇಲ್ಲಿ ಮುಖ್ಯರಸ್ತೆಯಲ್ಲಿ ಅಂಗಡಿ, ಅಡ್ಡರಸ್ತೆಯಲ್ಲಿ ಮನೆ. 20×30, 30×40 ಸೈಟಿನಲ್ಲಿ ಮೂರು ನಾಲ್ಕು ಮಹಡಿ, ಮಹಡಿಗೊಂದು ಸಂಸಾರ, ಸಂಸಾರಕ್ಕೊಂದೆರಡು ಗಾಡಿ. ಪೇಟೆ ರಸ್ತೆಗೆಂದು ಮಾಡಿದ ನಿಯಮ ಇಂಥ ಬಡಾವಣೆಗೆ ಹೊಂದುತ್ತದೆಯೇ ಎಂಬುದು ಇಲ್ಲಿ ಮುಖ್ಯ ಪ್ರಶ್ನೆ.

ಮೊದಲು ಚಿಕ್ಕ ಉತ್ತರ

ಬೇಡಿಕೆಗೆ ತಕ್ಕ ದರ ಎಂದರೆ ಬರೀ ದರ ಏರಿಸುವುದಲ್ಲ. ಜಾಗ ತುಂಬಿದ ಹೊತ್ತಿನಲ್ಲಿ ಏರಿಸಿ, ಖಾಲಿ ಇರುವ ಹೊತ್ತಿನಲ್ಲಿ ಇಳಿಸುವ ಪದ್ಧತಿ ಅದು. ಬೆಂಗಳೂರಿನಲ್ಲಿ ಅದು ಇನ್ನೂ ಪೂರ್ತಿಯಾಗಿ ಬಂದಿಲ್ಲ. ಮನೆ ಮುಂದಿನ ವಾರ್ಷಿಕ ಪರ್ಮಿಟ್ ಬೇರೆಯೇ ವಿಷಯ. ಫಾರ್ವರ್ಡ್‌ಗಳು ಈ ಎರಡನ್ನೂ ಕಲಸಿ ಬಿಡುತ್ತವೆ.

5,000 ರೂಪಾಯಿಯ ಮಾತು ಎಲ್ಲಿಂದ ಬಂತು?

ಬೆಂಗಳೂರಿಗೆಂದು ನಗರ ಭೂಸಾರಿಗೆ ನಿರ್ದೇಶನಾಲಯ, ಅಂದರೆ ಡಲ್ಟ್, ಸಿದ್ಧಪಡಿಸಿದ ಪಾರ್ಕಿಂಗ್ ನೀತಿ 2.0ಕ್ಕೆ ರಾಜ್ಯ ಸರ್ಕಾರ 2021ರಲ್ಲಿ ಒಪ್ಪಿಗೆ ಕೊಟ್ಟಿತು. ಸಾರ್ವಜನಿಕ ರಸ್ತೆಯಲ್ಲಿ ಪುಕ್ಕಟೆ ಪಾರ್ಕಿಂಗ್ ಹಂತಹಂತವಾಗಿ ನಿಲ್ಲಬೇಕು ಎಂಬುದು ಅದರ ತಿರುಳು. ವಸತಿ ರಸ್ತೆಗಳಲ್ಲಿ ಗಾಡಿ ನಿಲ್ಲಿಸುವವರಿಗೆ ವಾರ್ಷಿಕ ಪರ್ಮಿಟ್ ಕೊಡುವ ಪ್ರಸ್ತಾವ ಅದರಲ್ಲಿದೆ. ಸಣ್ಣ ಕಾರಿಗೆ 1,000 ರೂಪಾಯಿ, ಮಧ್ಯಮ ಗಾತ್ರದ ಕಾರಿಗೆ 3,000ದಿಂದ 4,000, ಎಸ್‌ಯುವಿಯಂಥ ದೊಡ್ಡ ಗಾಡಿಗೆ 5,000.

ಅಂದರೆ 5,000 ಎಂಬ ಅಂಕಿ ಹುಟ್ಟು ಸುಳ್ಳಲ್ಲ. ಆದರೆ ಅದು ಎಲ್ಲ ಕಾರಿಗೂ ಅಲ್ಲ, ನಿಮ್ಮ ಕಾಂಪೌಂಡಿನ ಒಳಗೆ ನಿಲ್ಲುವ ಗಾಡಿಗೂ ಅಲ್ಲ. ರಸ್ತೆಯ ಮೇಲೆ ನಿಲ್ಲುವ ಗಾಡಿಗೆ ಮಾತ್ರ. ನೀತಿಗೆ ಒಪ್ಪಿಗೆ ಸಿಕ್ಕಿ ವರ್ಷಗಳು ಕಳೆದರೂ ಈ ಪರ್ಮಿಟ್ ಪದ್ಧತಿ ಊರಿಗೆಲ್ಲ ಜಾರಿಯಾಗಿಲ್ಲ. ಹಾಗಿದ್ದೂ ನಾಳೆಯಿಂದಲೇ ವಸೂಲಿ ಎಂಬಂತೆ ಸಂದೇಶ ಬಂದರೆ ಹಳೆಯ ಸುದ್ದಿಗೆ ಹೊಸ ತಾರೀಖು ಹಚ್ಚಿದ್ದಾರೆಯೇ ಎಂದು ಮೊದಲು ನೋಡಿ.

ಲೆಕ್ಕವನ್ನೂ ಒಮ್ಮೆ ಹಾಕೋಣ. ವರ್ಷಕ್ಕೆ 5,000 ಎಂದರೆ ದಿನಕ್ಕೆ ಸುಮಾರು 14 ರೂಪಾಯಿ. ವರ್ಷಕ್ಕೆ 1,000 ಎಂದರೆ ದಿನಕ್ಕೆ 3 ರೂಪಾಯಿಯೂ ಇಲ್ಲ. ಇನ್ನೊಂದು ಮಾತು: ಈ ಶುಲ್ಕ ಗಾಡಿಯ ಗಾತ್ರ ನೋಡುತ್ತದೆಯೇ ಹೊರತು ರಸ್ತೆ ಎಷ್ಟು ತುಂಬಿದೆ ಎಂದು ನೋಡುವುದಿಲ್ಲ. ಹಾಗಾಗಿ ಇದನ್ನು ಬೇಡಿಕೆಗೆ ತಕ್ಕ ದರ ಎನ್ನಲಾಗದು.

ಹಾಗಾದರೆ ಬೇಡಿಕೆಗೆ ತಕ್ಕ ದರ ಎಂದರೆ ಏನು?

ನಮಗೆ ಇದು ಹೊಸದೇನಲ್ಲ. ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ ಕನಕಾಂಬರದ ಬೆಲೆ ಎಷ್ಟಿರುತ್ತದೆ, ಹಬ್ಬ ಮುಗಿದ ಮೂರನೇ ದಿನ ಎಷ್ಟಿರುತ್ತದೆ ಎಂಬುದು ಎಲ್ಲರಿಗೂ ಗೊತ್ತು. ರಾತ್ರಿ ಹತ್ತರ ಮೇಲೆ ಆಟೊ ಮೀಟರಿಗೆ ಒಂದೂವರೆ ಪಟ್ಟು. 2025ರ ಫೆಬ್ರವರಿಯಲ್ಲಿ ನಮ್ಮ ಮೆಟ್ರೊ ದರ ಪರಿಷ್ಕರಣೆಯಾದಾಗ ಸ್ಮಾರ್ಟ್ ಕಾರ್ಡಿನವರಿಗೆ ಇರುವ ಶೇ 5ರ ರಿಯಾಯಿತಿಯ ಜೊತೆಗೆ ದಟ್ಟಣೆ ಇಲ್ಲದ ಹೊತ್ತಿನಲ್ಲಿ ಇನ್ನೂ ಶೇ 5 ಸೇರಿಸಿದರು. ಜನ ಒಂದೇ ಹೊತ್ತಿಗೆ ಮುಗಿಬೀಳದಿರಲಿ ಎಂಬುದು ಇದರ ಉದ್ದೇಶ.

ಪಾರ್ಕಿಂಗ್‌ಗೂ ಇದೇ ತರ್ಕ ಹಚ್ಚಬಹುದು ಎಂದು 1954ರಷ್ಟು ಹಿಂದೆಯೇ ಬರೆದವರು ಅರ್ಥಶಾಸ್ತ್ರಜ್ಞ ವಿಲಿಯಂ ವಿಕ್ರಿ. ಅವರಿಗೆ 1996ರಲ್ಲಿ ನೊಬೆಲ್ ಪ್ರಶಸ್ತಿ ಬಂತು. ಮುಂದೆ ಅಮೆರಿಕದ ಪ್ರಾಧ್ಯಾಪಕ ಡೊನಾಲ್ಡ್ ಶೂಪ್ 2005ರ ತಮ್ಮ ಪುಸ್ತಕದಲ್ಲಿ ಇದನ್ನು ಸರಳ ಸೂತ್ರವಾಗಿಸಿದರು. ರಸ್ತೆಬದಿಯ ಜಾಗಗಳಲ್ಲಿ ಸುಮಾರು ಶೇ 85 ತುಂಬಿರಬೇಕು, ಒಂದೆರಡು ಯಾವಾಗಲೂ ಖಾಲಿ ಇರಬೇಕು. ಅಷ್ಟಾಗಲು ಎಷ್ಟು ಕಡಿಮೆ ದರ ಸಾಕೋ ಅದೇ ಸರಿಯಾದ ದರ.

ಒಂದು ಕಾಲ್ಪನಿಕ ಲೆಕ್ಕ ನೋಡೋಣ. ಮುಖ್ಯರಸ್ತೆಯ ಒಂದು ತುಂಡಿನಲ್ಲಿ 20 ಕಾರು ನಿಲ್ಲುವ ಜಾಗವಿದೆ, ಪೂರ್ತಿ ಪುಕ್ಕಟೆ. ಬೆಳಗ್ಗೆ ಒಂಬತ್ತಕ್ಕೇ ಹೆಚ್ಚುಕಡಿಮೆ ಭರ್ತಿ. ಯಾರವು ಆ ಕಾರುಗಳು? ಬಹುಪಾಲು ಅಲ್ಲಿಯ ಅಂಗಡಿ, ಕಚೇರಿಗಳವರದ್ದೇ. ಸಂಜೆವರೆಗೂ ಅಲುಗುವುದಿಲ್ಲ. ಔಷಧಿ ಕೊಳ್ಳಲು ಹತ್ತು ನಿಮಿಷಕ್ಕೆ ಬಂದ 21ನೆಯವರಿಗೆ ಜಾಗವಿಲ್ಲ. ಅವರು ಎರಡು ಸುತ್ತು ಹಾಕುತ್ತಾರೆ, ಇಲ್ಲವೇ ಇಂಡಿಕೇಟರ್ ಹಾಕಿ ರಸ್ತೆ ಮಧ್ಯೆಯೇ ನಿಲ್ಲಿಸುತ್ತಾರೆ. ಹಿಂದಿನ ಬಸ್ಸು ಹಾರ್ನ್ ಹೊಡೆಯುತ್ತದೆ.

ಈಗ ಗಂಟೆಗೆ 20 ರೂಪಾಯಿ ಎಂದಿಟ್ಟುಕೊಳ್ಳಿ. ಅರ್ಧ ಗಂಟೆಗೆ ಬರುವವರಿಗೆ 10 ರೂಪಾಯಿ, ಅದು ದೊಡ್ಡದಲ್ಲ. ಹತ್ತು ಗಂಟೆ ನಿಲ್ಲಿಸುವವರಿಗೆ 200 ರೂಪಾಯಿ. ಅವರು ದೂರದ ಅಗ್ಗದ ಜಾಗ ಹುಡುಕುತ್ತಾರೆ, ಬೈಕಿನಲ್ಲಿ ಬರುತ್ತಾರೆ, ಬಸ್ಸು ಹಿಡಿಯುತ್ತಾರೆ. 20ರಲ್ಲಿ ಮೂರು ನಾಲ್ಕು ಕಾರು ಹೋದರೆ ಸಾಕು, ರಸ್ತೆ ಉಸಿರಾಡುತ್ತದೆ. ಅದೇ ರಸ್ತೆ ಮಧ್ಯಾಹ್ನ ಎರಡಕ್ಕೆ ಅರ್ಧ ಖಾಲಿ ಇದ್ದರೆ? ಆಗ ದರ 5 ರೂಪಾಯಿಗೆ ಇಳಿಯಬೇಕು, ಅಥವಾ ಪುಕ್ಕಟೆಯಾಗಬೇಕು. ಇಳಿಕೆ ಇಲ್ಲದ ಏರಿಕೆಗೆ ಬೇಡಿಕೆಗೆ ತಕ್ಕ ದರ ಎಂದು ಹೆಸರಿಡುವಂತಿಲ್ಲ.

ದರ ನಿಜಕ್ಕೂ ಇಳಿಯುತ್ತದೆಯೇ?

ಇಳಿದ ಉದಾಹರಣೆ ಇದೆ. ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊ ನಗರ 2011ರಿಂದ 2013ರವರೆಗೆ 7 ಪ್ರದೇಶಗಳಲ್ಲಿ ಎಸ್‌ಎಫ್‌ಪಾರ್ಕ್ ಎಂಬ ಪ್ರಯೋಗ ಮಾಡಿತು. ರಸ್ತೆಯ ಪ್ರತಿ ತುಂಡಿಗೂ, ದಿನದ ಪ್ರತಿ ಹೊತ್ತಿಗೂ ಬೇರೆ ಬೇರೆ ದರ. ಶೇ 80ಕ್ಕಿಂತ ಹೆಚ್ಚು ತುಂಬಿದರೆ ಗಂಟೆಗೆ 25 ಸೆಂಟ್ ಏರಿಕೆ. ಶೇ 60ರಿಂದ 80ರ ನಡುವೆ ಇದ್ದರೆ ಇದ್ದಂತೆ. ಶೇ 60ಕ್ಕಿಂತ ಕಡಿಮೆಯಾದರೆ ಇಳಿಕೆ. ಗಂಟೆಗೆ 25 ಸೆಂಟ್‌ಗಿಂತ ಕೆಳಗಿಲ್ಲ, 6 ಡಾಲರ್‌ಗಿಂತ ಮೇಲಿಲ್ಲ ಎಂಬ ಮಿತಿಯೂ ಇತ್ತು. ದರ ಕ್ಯಾಬ್ ಆ್ಯಪಿನಂತೆ ನಿಮಿಷ ನಿಮಿಷಕ್ಕೆ ಕುಣಿಯುತ್ತಿರಲಿಲ್ಲ. ಕೆಲವು ವಾರಗಳಿಗೊಮ್ಮೆ, ಮೊದಲೇ ತಿಳಿಸಿ ಬದಲಾಯಿಸುತ್ತಿದ್ದರು.

ಫಲಿತಾಂಶವೇನು? ಕೆಲವು ರಸ್ತೆಗಳಲ್ಲಿ ದರ ಏರಿತು, ಕೆಲವು ಕಡೆ ಇಳಿಯಿತು. ಒಟ್ಟು ಸರಾಸರಿ ಗಂಟೆಗೆ 2.69 ಡಾಲರ್‌ನಿಂದ 2.58 ಡಾಲರ್‌ಗೆ ಇಳಿಯಿತು. ಪ್ರಯೋಗ ನಡೆದ ಕಡೆ ಜಾಗ ಹುಡುಕಲು ಹಿಡಿಯುತ್ತಿದ್ದ ಸಮಯ ಶೇ 43ರಷ್ಟು ತಗ್ಗಿತು ಎಂದು ನಗರದ ಸಾರಿಗೆ ಸಂಸ್ಥೆಯ ಮೌಲ್ಯಮಾಪನ ಹೇಳುತ್ತದೆ. ಹೋಲಿಕೆಗೆಂದು ಇಟ್ಟುಕೊಂಡ ಬೇರೆ ಪ್ರದೇಶಗಳಲ್ಲಿ ಆ ಇಳಿಕೆ ಶೇ 13 ಮಾತ್ರ. 2018ರಲ್ಲಿ ಆ ಪದ್ಧತಿಯನ್ನು ಊರಿನ ಎಲ್ಲ ಮೀಟರ್‌ಗಳಿಗೂ ವಿಸ್ತರಿಸಿದರು.

ಅಲ್ಲಿ ಆದದ್ದು ಇಲ್ಲೂ ಹಾಗೆಯೇ ಆಗುತ್ತದೆ ಎಂದು ನಾವು ಹೇಳುತ್ತಿಲ್ಲ. ಅಲ್ಲಿ ಮೊದಲಿನಿಂದಲೂ ಮೀಟರ್ ಇತ್ತು, ದಂಡದ ಭಯವೂ ಇತ್ತು. ನಮ್ಮದು ಶೂನ್ಯ ದರದಿಂದ ಶುರುವಾಗುವ ಊರು. ಇಲ್ಲಿ ತುಂಬಿದ ರಸ್ತೆಗಳ ಮಟ್ಟಿಗೆ ಮೊದಲ ಹೆಜ್ಜೆ ಏರಿಕೆಯೇ ಆಗಿರುತ್ತದೆ.

ಬೆಂಗಳೂರಿನಲ್ಲಿ ಇಷ್ಟರವರೆಗೆ ಆದದ್ದು

2020ರಲ್ಲಿ ಆಗಿನ ಬಿಬಿಎಂಪಿ ನಗರದ ಮಧ್ಯಭಾಗದಲ್ಲಿ ಸ್ಮಾರ್ಟ್ ಪಾರ್ಕಿಂಗ್ ಶುರುಮಾಡಿತು. ಕಸ್ತೂರಬಾ ರಸ್ತೆಯಂಥ ಕಡೆ ಮೀಟರ್ ಬಂತು. ಬೇಡಿಕೆ ಹೆಚ್ಚಿರುವ ಎ ದರ್ಜೆಯ ರಸ್ತೆಗಳಲ್ಲಿ ಗಂಟೆಗೆ ಕಾರಿಗೆ 30 ರೂಪಾಯಿ, ದ್ವಿಚಕ್ರ ವಾಹನಕ್ಕೆ 15. ಉಳಿದ ದರ್ಜೆಯ ರಸ್ತೆಗಳಿಗೆ ಅದಕ್ಕಿಂತ ಕಡಿಮೆ. ಇಲ್ಲಿ ದರ ರಸ್ತೆ ನೋಡುತ್ತದೆ, ಹೊತ್ತು ನೋಡುವುದಿಲ್ಲ. ಬೇಡಿಕೆಗೆ ತಕ್ಕ ದರದ ಅರ್ಧ ದಾರಿ ಎನ್ನಬಹುದು.

ಇನ್ನೊಂದು ಪಾಠ ಫ್ರೀಡಂ ಪಾರ್ಕ್ ಬಳಿಯ ಬಹುಮಹಡಿ ಪಾರ್ಕಿಂಗ್ ಕಟ್ಟಡದ್ದು. 556 ಕಾರು, 445 ದ್ವಿಚಕ್ರ ವಾಹನ ನಿಲ್ಲುವ ಈ ಕಟ್ಟಡ ತೆರೆದದ್ದು 2024ರ ಜೂನ್‌ನಲ್ಲಿ. ಅದಕ್ಕೆ ಮೊದಲು, ನಡೆಸುವ ಗುತ್ತಿಗೆದಾರರು ಸಿಗದೆ ಸುಮ್ಮನೆ ನಿಂತಿತ್ತು. ಪಾರ್ಕಿಂಗ್ ಕಟ್ಟಡ ಕಟ್ಟಿದರೆ ಸಮಸ್ಯೆ ಮುಗಿಯಿತು ಎನ್ನುವವರು ಇದನ್ನು ಗಮನಿಸಬೇಕು. ಒಳಗೆ ದುಡ್ಡು, ಹೊರಗಿನ ರಸ್ತೆ ಪುಕ್ಕಟೆ ಎಂದಾದರೆ ಯಾರು ಒಳಗೆ ಹೋಗುತ್ತಾರೆ? ಕಟ್ಟಡ ತುಂಬಬೇಕಾದರೆ ರಸ್ತೆಯ ಜಾಗ ಅದಕ್ಕಿಂತ ದುಬಾರಿಯಾಗಿರಬೇಕು. ನಮ್ಮಲ್ಲಿ ಇದು ಉಲ್ಟಾ.

ಮೂಡಲಪಾಳ್ಯದ ಲೆಕ್ಕ ಬೇರೆ

ಇಂಥ ಬಡಾವಣೆಯಲ್ಲಿ ಇರುವುದು ಒಂದು ಸಮಸ್ಯೆಯಲ್ಲ, ಎರಡು. ಹಗಲಿನಲ್ಲಿ ಅಂಗಡಿ ಸಾಲಿನ ಮುಖ್ಯರಸ್ತೆ ತುಂಬುತ್ತದೆ. ರಾತ್ರಿ ಮನೆಗಳ ಅಡ್ಡರಸ್ತೆ ತುಂಬುತ್ತದೆ. ಮೊದಲನೆಯದಕ್ಕೆ ಗಂಟೆ ಲೆಕ್ಕದ ದರ ಮದ್ದಾಗಬಹುದು. ಎರಡನೆಯದಕ್ಕೆ ಆಗದು. ರಾತ್ರಿಯಿಡೀ ನಿಲ್ಲುವ ಗಾಡಿಗೆ ಗಂಟೆ ಲೆಕ್ಕ ಹಾಕುವುದರಲ್ಲಿ ಅರ್ಥವೂ ಇಲ್ಲ. ಅಲ್ಲಿ ಬೇಕಾದದ್ದು ಎಷ್ಟು ಗಾಡಿಗೆ ಜಾಗವಿದೆ ಎಂಬ ಎಣಿಕೆ, ಅಷ್ಟಕ್ಕೇ ಪರ್ಮಿಟ್.

ಅಡಿ ಲೆಕ್ಕ ಹಾಕಿ ನೋಡಿ. ಒಂದು ಕಾರು ನಿಲ್ಲಲು, ಬಾಗಿಲು ತೆರೆಯುವ ಜಾಗವೂ ಸೇರಿ, ಸುಮಾರು 7 ಅಡಿ ಅಗಲ ಬೇಕು. 30 ಅಡಿ ರಸ್ತೆಯ ಎರಡೂ ಬದಿ ಕಾರು ನಿಂತರೆ ನಡುವೆ 16 ಅಡಿ ಉಳಿಯುತ್ತದೆ. 20 ಅಡಿ ರಸ್ತೆಯಲ್ಲಿ ಎರಡೂ ಬದಿ ನಿಂತರೆ ಉಳಿಯುವುದು 6 ಅಡಿ. ಆಟೊ ಹೋದೀತು, 108 ಆಂಬುಲೆನ್ಸ್ ಹೋಗುವುದು ಕಷ್ಟ, ಅಗ್ನಿಶಾಮಕ ದಳದ ಗಾಡಿಯಂತೂ ತಿರುವಿನಲ್ಲೇ ನಿಲ್ಲುತ್ತದೆ. ಯಾರ ಮನೆಯಲ್ಲಿ ರಾತ್ರಿ ಎರಡು ಗಂಟೆಗೆ ಎದೆನೋವು ಬರುತ್ತದೆ ಎಂದು ಯಾರಿಗೂ ಗೊತ್ತಿರುವುದಿಲ್ಲ. ತುರ್ತು ವಾಹನಗಳಿಗೆ ದಾರಿ ಬಿಟ್ಟೇ ವಸತಿ ರಸ್ತೆಯಲ್ಲಿ ಪಾರ್ಕಿಂಗ್ ಕೊಡಬೇಕು ಎಂಬ ಆಶಯ ಪಾರ್ಕಿಂಗ್ ನೀತಿಯಲ್ಲೂ ಇದೆ. ಹಾಗಾಗಿ ಕಿರಿದಾದ ರಸ್ತೆಗಳಲ್ಲಿ ದರದ ಪ್ರಶ್ನೆ ಆಮೇಲೆ. ಒಂದು ಬದಿ ಮಾತ್ರವೋ, ಅದೂ ಬೇಡವೋ ಎಂಬುದು ಮೊದಲು ತೀರ್ಮಾನವಾಗಬೇಕು.

"ಮನೆ ಮುಂದಿನ ರಸ್ತೆ ನಮ್ಮದೇ ಅಲ್ಲವೇ?"

ಅಲ್ಲ. ಗೇಟಿನ ಆಚೆಗಿನ ರಸ್ತೆ ಸಾರ್ವಜನಿಕ ಆಸ್ತಿ. ಅಲ್ಲಿ ಹೂಕುಂಡ, ಸಿಮೆಂಟ್ ಕಲ್ಲು, ಮುರಿದ ಕುರ್ಚಿ ಇಟ್ಟು ಜಾಗ ಹಿಡಿಯುವ ಹಕ್ಕು ಯಾರಿಗೂ ಇಲ್ಲ. ಪಕ್ಕದ ಬೀದಿಯವರು ನಿಮ್ಮ ಕಾಂಪೌಂಡಿನ ಪಕ್ಕ ನಿಲ್ಲಿಸಿದರೆ, ಅಲ್ಲಿ ಪಾರ್ಕಿಂಗ್ ನಿಷೇಧವಿಲ್ಲದಿದ್ದರೆ, ನಿಮ್ಮ ಜಾಗ ಕದ್ದಂತಾಗುವುದಿಲ್ಲ. ಆದರೆ ಗೇಟಿಗೆ ಅಡ್ಡ ನಿಲ್ಲಿಸುವಂತಿಲ್ಲ. 2017ರ ಮೋಟಾರು ವಾಹನ ಚಾಲನಾ ನಿಯಮಗಳ ಪ್ರಕಾರ ಆಸ್ತಿಯ ಪ್ರವೇಶದ್ವಾರದ ಮುಂದೆಯೂ, ಫುಟ್‌ಪಾತ್ ಮೇಲೂ ಪಾರ್ಕಿಂಗ್ ನಿಷಿದ್ಧ. ಗೇಟು ನಿಮ್ಮದು, ರಸ್ತೆ ಎಲ್ಲರದು. ಇಷ್ಟು ನೆನಪಿಟ್ಟುಕೊಂಡರೆ ಅರ್ಧ ಜಗಳ ತಪ್ಪುತ್ತದೆ.

"ರೋಡ್ ಟ್ಯಾಕ್ಸ್ ಕಟ್ಟಿದ್ದೇವಲ್ಲ?"

ಹೌದು, ಕಟ್ಟಿದ್ದೀರಿ. ಅದೂ ಸಣ್ಣ ಮೊತ್ತವಲ್ಲ. ಕರ್ನಾಟಕದಲ್ಲಿ ಪೆಟ್ರೋಲ್, ಡೀಸೆಲ್ ಕಾರಿನ ಜೀವಿತಾವಧಿ ತೆರಿಗೆ ಬೆಲೆಗೆ ತಕ್ಕಂತೆ ಶೇ 13ರಿಂದ 18ರವರೆಗೆ ಇದೆ, ಮೇಲೆ ಸೆಸ್. ಹಾಗಾಗಿ ಸಿಟ್ಟು ಬರುವುದು ಸಹಜ. ಆದರೆ ಆ ತೆರಿಗೆ ಹೋಗುವುದು ರಾಜ್ಯದ ಬೊಕ್ಕಸಕ್ಕೆ. ಊರಿನ ಹೆಚ್ಚಿನ ರಸ್ತೆಗಳನ್ನು ನೋಡಿಕೊಳ್ಳುವುದು ಪಾಲಿಕೆ. ಅಲ್ಲದೆ ಆ ತೆರಿಗೆ ರಸ್ತೆಯಲ್ಲಿ ಗಾಡಿ ಓಡಿಸಲು, ನಿಲ್ಲಿಸಲಲ್ಲ. ಬಸ್ಸಿನ ಟಿಕೆಟ್ ಕೊಂಡವರು ಸಂಜೆ ಬಸ್ಸಿಳಿಯದೆ ಅಲ್ಲೇ ಮಲಗುತ್ತೇನೆ ಎಂದರೆ ಕಂಡಕ್ಟರ್ ಒಪ್ಪುತ್ತಾರೆಯೇ?

ಒಂದು ಕಾರು ನಿಲ್ಲುವ ಜಾಗ ಸುಮಾರು 135 ಚದರಡಿ. ಒಂದು ಚಿಕ್ಕ ಅಂಗಡಿ ಮಳಿಗೆಯಷ್ಟು. ಆ ಅಳತೆಯ ಮಳಿಗೆಗೆ ನಿಮ್ಮ ಮುಖ್ಯರಸ್ತೆಯಲ್ಲಿ ತಿಂಗಳ ಬಾಡಿಗೆ ಎಷ್ಟು ಎಂದು ಪಕ್ಕದ ಅಂಗಡಿಯವರನ್ನು ಕೇಳಿ ನೋಡಿ. ಅಷ್ಟು ಬೆಲೆಯ ಸಾರ್ವಜನಿಕ ಜಾಗವನ್ನು ಪುಕ್ಕಟೆ ಕೊಟ್ಟರೆ ಅದರ ಖರ್ಚು ಮಾಯವಾಗುವುದಿಲ್ಲ, ಬೇರೆಯವರ ತಲೆಗೆ ಹೋಗುತ್ತದೆ. ಬಸ್ಸಿನಲ್ಲಿ ಓಡಾಡುವ ಗಾರ್ಮೆಂಟ್ಸ್ ಕೆಲಸದವರು ಫುಟ್‌ಪಾತ್ ಬಿಟ್ಟು ರಸ್ತೆಗಿಳಿದು ನಡೆಯುತ್ತಾರೆ. ಶಾಲೆಯಿಂದ ಬರುವ ಮಕ್ಕಳು ನಿಂತ ಕಾರುಗಳ ಸಂದಿಯಿಂದ ರಸ್ತೆ ದಾಟುತ್ತಾರೆ. ಕಾರಿಲ್ಲದವರೇ ಕಾರಿನ ಜಾಗಕ್ಕೆ ಬೆಲೆ ತೆರುತ್ತಿದ್ದಾರೆ. ಫಾರ್ವರ್ಡ್‌ಗಳು ಈ ಮಾತನ್ನು ಮಾತ್ರ ಹೇಳುವುದಿಲ್ಲ.

"ಅಂಗಡಿಯವರ ವ್ಯಾಪಾರ ಹಾಳಾಗುತ್ತದೆ"

ಈ ಭಯ ಎಲ್ಲ ಊರಿನ ವ್ಯಾಪಾರಿಗಳಿಗೂ ಇದೆ. ಅಮೆರಿಕದ ಪಾಸಡೀನಾ ಪಟ್ಟಣದ ಹಳೇ ಪೇಟೆಯಲ್ಲಿ ಮೀಟರ್ ಹಾಕುವ ಮಾತು ಬಂದಾಗ ಅಲ್ಲಿಯ ವ್ಯಾಪಾರಿಗಳೂ ವಿರೋಧಿಸಿದ್ದರು. ಮೀಟರಿನ ಹಣ ಅದೇ ಪೇಟೆಯ ಫುಟ್‌ಪಾತ್, ದೀಪ, ಸ್ವಚ್ಛತೆಗೆ ಬಳಕೆಯಾಗುತ್ತದೆ ಎಂದು ನಗರಾಡಳಿತ ಮಾತು ಕೊಟ್ಟ ಮೇಲೆ ಒಪ್ಪಿದರು. 1993ರಲ್ಲಿ ಮೀಟರ್ ಬಂತು, ಪೇಟೆ ಚೇತರಿಸಿಕೊಂಡಿತು. ಚೇತರಿಕೆಗೆ ಮೀಟರ್ ಒಂದೇ ಕಾರಣ ಎನ್ನಲಾಗದು, ಆದರೆ ಮೀಟರ್ ಬಂದದ್ದರಿಂದ ಪೇಟೆ ಸತ್ತುಹೋಗಲಿಲ್ಲ. ಗಿರಾಕಿಗೆ ಬೇಕಾದದ್ದು ದಿನವಿಡೀ ತುಂಬಿರುವ ಪುಕ್ಕಟೆ ಜಾಗವಲ್ಲ, ಬಂದಾಗ ಸಿಗುವ ಒಂದು ಖಾಲಿ ಜಾಗ.

ಆಕ್ಷೇಪಗಳಲ್ಲಿ ನ್ಯಾಯವೂ ಇದೆ

ಶುಲ್ಕದ ಪರವಾಗಿ ಮಾತಾಡುವವರು ಒಪ್ಪಿಕೊಳ್ಳಬೇಕಾದ ಕೆಲವು ಸಂಗತಿಗಳಿವೆ.

ಒಂದು, ಬೈಕಿನವರ ಲೆಕ್ಕ. ಒಂದು ಕಾರು ನಿಲ್ಲುವ ಜಾಗದಲ್ಲಿ ನಾಲ್ಕೈದು ಬೈಕು ನಿಲ್ಲುತ್ತವೆ. ಕಾರಿಗೆ 30, ಬೈಕಿಗೆ 15 ಎಂದರೆ ಅದೇ ಜಾಗಕ್ಕೆ ನಾಲ್ಕು ಬೈಕಿನವರು ಸೇರಿ 60 ಕೊಟ್ಟಂತಾಯಿತು. ಬೆಂಗಳೂರಿನಲ್ಲಿ ನೋಂದಣಿಯಾದ ವಾಹನಗಳು ಒಂದು ಕೋಟಿ ದಾಟಿವೆ, ಅವುಗಳಲ್ಲಿ ಹೆಚ್ಚಿನವು ದ್ವಿಚಕ್ರ ವಾಹನಗಳೇ. ಜಾಗಕ್ಕೆ ತಕ್ಕ ಬೆಲೆ ಎನ್ನುವುದಾದರೆ ಬೈಕಿನ ದರ ಇನ್ನೂ ಕಡಿಮೆ ಇರಬೇಕು.

ಎರಡು, ಬಾಡಿಗೆದಾರರು. ಮನೆ ಕಟ್ಟುವಾಗ ನೆಲಮಹಡಿಯ ಪಾರ್ಕಿಂಗ್ ಜಾಗವನ್ನು ಅಂಗಡಿ ಅಥವಾ ಒಂದು ಕೋಣೆಯ ಮನೆಯಾಗಿ ಬದಲಾಯಿಸಿ ಬಾಡಿಗೆ ಎಣಿಸುವವರು ಮಾಲೀಕರು. ರಸ್ತೆಯಲ್ಲಿ ನಿಲ್ಲಿಸಿ ಪರ್ಮಿಟ್ ಕಟ್ಟಬೇಕಾದವರು ಬಾಡಿಗೆದಾರರು. ನಕ್ಷೆಯಲ್ಲಿ ತೋರಿಸಿದ ಪಾರ್ಕಿಂಗ್ ಪಾರ್ಕಿಂಗ್ ಆಗಿಯೇ ಉಳಿದಿದೆಯೇ ಎಂದು ನೋಡದೆ ಬರೀ ಪರ್ಮಿಟ್ ತಂದರೆ ಹೊರೆ ತಪ್ಪಾದ ಹೆಗಲಿಗೆ ಬೀಳುತ್ತದೆ.

ಮೂರು, ವಸೂಲಿಯ ಬಗೆಗಿನ ಅನುಮಾನ. ರಸೀದಿ ಇಲ್ಲದೆ ಕೈಗೆ ಕಾಸು ಕೇಳುವವರನ್ನು ಊರಲ್ಲಿ ಎಲ್ಲರೂ ನೋಡಿದ್ದೇವೆ. ದರದ ಫಲಕವಿಲ್ಲದ, ರಸೀದಿ ಇಲ್ಲದ ವಸೂಲಿಯನ್ನು ಪ್ರಶ್ನಿಸುವುದು ಸರಿಯೇ.

ನಾಲ್ಕು, ಪರ್ಯಾಯ. ಕಾರು ಬಿಡಿ ಎನ್ನುವ ಮೊದಲು ಬಸ್ಸು ಬರಬೇಕು. ವಿಜಯನಗರ, ಅತ್ತಿಗುಪ್ಪೆ ಮೆಟ್ರೊ ನಿಲ್ದಾಣಗಳು ಇಲ್ಲಿಂದ ದೂರವೇನಲ್ಲ. ಆದರೆ ಅಲ್ಲಿಗೆ ಹೋಗುವ ಫೀಡರ್ ಬಸ್ಸು ಹೊತ್ತಿಗೆ ಸರಿಯಾಗಿ ಸಿಗದಿದ್ದರೆ, ನಡೆಯಲು ಫುಟ್‌ಪಾತ್ ಇಲ್ಲದಿದ್ದರೆ ಜನ ಗಾಡಿಯನ್ನೇ ತೆಗೆಯುತ್ತಾರೆ.

ಫಾರ್ವರ್ಡ್ ಮಾಡುವ ಮುನ್ನ, ಒಪ್ಪುವ ಮುನ್ನ

2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿ ಹೋಗಿ ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಅಡಿಯಲ್ಲಿ ಐದು ನಗರ ಪಾಲಿಕೆಗಳು ಬಂದವು. ನಮ್ಮ ಭಾಗಕ್ಕೆ ಬೆಂಗಳೂರು ಪಶ್ಚಿಮ ನಗರ ಪಾಲಿಕೆ. ಪಾರ್ಕಿಂಗ್ ಶುಲ್ಕದ ಯಾವುದೇ ಯೋಜನೆ ಬಂದರೂ ಅಲ್ಲಿಗೆ ಹೋಗಿ ಈ ಐದು ಪ್ರಶ್ನೆ ಕೇಳಬಹುದು.

1. ಈ ರಸ್ತೆಯಲ್ಲಿ ಎಷ್ಟು ಜಾಗ ಇದೆ, ಯಾವ ಹೊತ್ತಿನಲ್ಲಿ ಎಷ್ಟು ತುಂಬುತ್ತದೆ ಎಂದು ಎಣಿಸಿದ್ದೀರಾ?
2. ಖಾಲಿ ಇರುವ ಹೊತ್ತಿನಲ್ಲಿ ದರ ಇಳಿಯುತ್ತದೆಯೇ? ಎಷ್ಟು ತಿಂಗಳಿಗೊಮ್ಮೆ ಪರಿಷ್ಕರಣೆ?
3. ಬಂದ ಹಣದಲ್ಲಿ ಇದೇ ಬಡಾವಣೆಯ ಫುಟ್‌ಪಾತ್, ಬೀದಿದೀಪಕ್ಕೆ ಎಷ್ಟು ಪಾಲು?
4. ಶುಲ್ಕ ಕಟ್ಟದೆ ಫುಟ್‌ಪಾತ್ ಮೇಲೆ ನಿಲ್ಲಿಸಿದವರ ಮೇಲೆ ಕ್ರಮ ಏನು? ಅದಿಲ್ಲದಿದ್ದರೆ ದುಡ್ಡು ಕಟ್ಟಿದವರೇ ಮೂರ್ಖರಾಗುತ್ತಾರೆ.
5. ತುರ್ತು ವಾಹನ ಹೋಗಲಾರದ ರಸ್ತೆಯಲ್ಲೂ ಪರ್ಮಿಟ್ ಕೊಡುತ್ತೀರಾ?

ಮೊದಲನೇ ಪ್ರಶ್ನೆಗೆ ಉತ್ತರ ಹುಡುಕಲು ದುಬಾರಿ ಸೆನ್ಸರ್ ಬೇಕೇ ಬೇಕು ಎಂದಿಲ್ಲ. ಸ್ಯಾನ್ ಫ್ರಾನ್ಸಿಸ್ಕೊ ಕೂಡ ಮುಂದೆ ಸೆನ್ಸರ್ ಬಿಟ್ಟು ಮೀಟರಿನ ಪಾವತಿ ಲೆಕ್ಕದಿಂದಲೇ ಅಂದಾಜು ಮಾಡತೊಡಗಿತು. ನಮ್ಮ ಬೀದಿಯಲ್ಲಿ ಒಂದು ನೋಟ್‌ಬುಕ್ ಸಾಕು. ಬೆಳಗ್ಗೆ ಹತ್ತು, ಮಧ್ಯಾಹ್ನ ಎರಡು, ಸಂಜೆ ಏಳು, ರಾತ್ರಿ ಹನ್ನೊಂದು. ನಾಲ್ಕು ಹೊತ್ತು, ಒಂದು ವಾರ, ನಿಂತ ಗಾಡಿ ಎಷ್ಟು, ಖಾಲಿ ಜಾಗ ಎಷ್ಟು ಎಂದು ಬರೆದಿಡಿ. ಎಷ್ಟು ಗಾಡಿ ಇಡೀ ದಿನ ಅಲುಗಲೇ ಇಲ್ಲ ಎಂಬುದನ್ನೂ ಗುರುತು ಮಾಡಿ. ಬಡಾವಣೆಯ ಗ್ರೂಪಿನಲ್ಲಿ ಹಂಚಿಕೊಳ್ಳಲು ಇಂಥ ಒಂದು ಪಟ್ಟಿ ಯಾವ ಫಾರ್ವರ್ಡ್‌ಗಿಂತಲೂ ಮೇಲು. ಪಾಲಿಕೆ ದರದ ಮಾತೆತ್ತಿದ ದಿನ ಅದೇ ಪಟ್ಟಿಯನ್ನು ಮುಂದಿಟ್ಟು, ಎಲ್ಲಿ ದರ ಬೇಕು, ಎಲ್ಲಿ ಬೇಡ ಎಂದು ಲೆಕ್ಕ ಹಿಡಿದು ಮಾತಾಡಬಹುದು.